ಹನ್ನೊಂದು ಇಳಿಕೆ

ಮಳೆಗಾಲ ಮುಗಿದಿತ್ತು ಅನ್ನುವುದಕ್ಕಿಂತ ದಣಿವಾರಿಸಿಕೊಳ್ಳಲು ಕೂತಿತ್ತು ಅನ್ನಬೇಕು. ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಆಫೀಸಿನ ಮೇಜು ಸಾಲದೆ ಕಾಡಿನ ನಕ್ಷೆಯನ್ನು ನೆಲಕ್ಕೆ ಹಾಸಿದ್ದರು.

"ಕಾಲು ತೆಗಿಯೋ ಆಚೆ. ಕಾಡೆಲ್ಲ ಕೆಸರು ಮಾಡ್ತೀಯ."

ಅಂದವನು ಪ್ರವಾಸದ ಕಂಪನಿಯ ಮ್ಯಾನೇಜರು, ಮೂವತ್ತರ ಹರೆಯದವನು. ಅನ್ನಿಸಿಕೊಂಡವನು ಹೊರೆಯವರ ಮುಂದಾಳು, ಅರವತ್ತಕ್ಕೆ ಎರಡು ಕಡಿಮೆ. ಮುಂದಾಳು ಹಿಂದೆ ಸರಿದ. ಸರಿಯುವಾಗ ಬೆನ್ನು ಬಾಗಿಲಿಗೆ ತಾಗಿತು. ಇನ್ನು ಸರಿಯುವುದಕ್ಕೆ ಜಾಗವಿರಲಿಲ್ಲ, ಹೆಬ್ಬೆರಳುಗಳನ್ನು ಒಳಕ್ಕೆ ಮಡಿಸಿ ನಿಂತ.

ಮ್ಯಾನೇಜರು ಬರೀ ಕಾಲುಚೀಲದಲ್ಲಿ ನಕ್ಷೆಯ ಮೇಲೆ ಮಂಡಿಯೂರಿದ್ದ. ಕುರ್ಚಿಯಲ್ಲಿ ಕಾಡಿನ ಗಾರ್ಡು ಕೂತು ಟೀ ಕುಡಿಯುತ್ತಿದ್ದ. ಹನ್ನೆರಡು ಜನ ಅತಿಥಿಗಳು ಬರುವವರಿದ್ದರು. ನಾಲ್ಕು ಹಗಲು, ಮೂರು ರಾತ್ರಿ. ಮೊದಲ ದಿನ ನಡೆದು ಹೋಗಿ ನದಿ ತಿರುಗುವ ಕಡೆ ಟೆಂಟು. ಎರಡನೇ ದಿನ ಹಕ್ಕಿ ನೋಡುವುದು. ಮೂರನೇ ದಿನ ಜಲಪಾತ. ಸಂಜೆ ಸಂಜೆ ಉಪ್ಪುಮಣ್ಣಿನ ಹೊಂಡದ ಹತ್ತಿರ ಮರೆಯಲ್ಲಿ ಕೂತು, ಮಣ್ಣು ನೆಕ್ಕಲು ಬರುವ ಮೃಗಗಳನ್ನು ನೋಡುವುದು. ನಾಲ್ಕನೇ ದಿನ ವಾಪಸ್ಸು. ಇಷ್ಟನ್ನು ಮ್ಯಾನೇಜರು ಬಣ್ಣಬಣ್ಣದ ಪೆನ್ನಿನಿಂದ ಗೋಡೆಯ ಬೋರ್ಡಿನ ಮೇಲೆ ಬರೆದಾಗಿತ್ತು. ಬರೆಯದೆ ಬಿಟ್ಟದ್ದು ಒಂದೇ: ಗೇಟಿನಿಂದ ನದಿ ತಿರುವಿಗೆ ಎಷ್ಟು ಹೊತ್ತು ಅನ್ನುವುದು. ಅವನ ಕೈಯಲ್ಲಿದ್ದ ದಾರಿ ಅಳೆಯುವ ಮೆಷಿನ್ನು ದೊಡ್ಡ ಮರಗಳ ಕೆಳಗೆ ಹೋದರೆ ಕುರುಡಾಗುತ್ತಿತ್ತು. ಅದಕ್ಕೇ ಮುಂದಾಳುವಿಗೆ ಹೇಳಿಕಳಿಸಿದ್ದು.

"ಗೇಟಿಂದ ಇಲ್ಲಿಗೆ ಎಷ್ಟಾಗುತ್ತೆ?"

"ಇಳಿಕೆ ಲೆಕ್ಕದಲ್ಲಿ ಹೇಳ್ಲಾ ಸಾರ್?"

"ಯಾವುದ್ರಲ್ಲಾದ್ರೂ ಬೊಗಳು."

ಹೊರೆ ಇಳಿಸಿ ಉಸಿರು ತಿರುಗಿಸಿಕೊಳ್ಳುವ ಜಾಗಕ್ಕೆ ಹೊರೆಯವರ ಬಾಯಲ್ಲಿ ಇಳಿಕೆ ಅನ್ನುತ್ತಾರೆ. ಒಂದು ಇಳಿಕೆಯಿಂದ ಇನ್ನೊಂದಕ್ಕೆ ಇಷ್ಟೇ ದೂರ ಅಂತಿಲ್ಲ. ಹೆಗಲು ಎಲ್ಲಿ ಸಾಕು ಅನ್ನುತ್ತದೋ ಅಲ್ಲಿ ಇಳಿಕೆ. ಚಪ್ಪಟೆ ನೆಲದಲ್ಲಿ ದೂರ ದೂರ, ಏರಿನಲ್ಲಿ ಹತ್ತಿರ ಹತ್ತಿರ. ಲೆಕ್ಕ ಹೇಳುವುದಕ್ಕೂ ಒಂದು ಕ್ರಮ ಉಂಟು. ಗುಂಪಿನಲ್ಲಿ ಎಲ್ಲರಿಗಿಂತ ಬಡಕಲು ಯಾರೋ ಅವರ ಹೆಗಲಿನ ಮೇಲೆ ಹೇಳಬೇಕು. ಮುಂದಾಳುವಿಗೆ ಇದನ್ನು ಕಲಿಸಿದವನು ಅವನ ಅಪ್ಪ, ಅಪ್ಪನಿಗೆ ಅಪ್ಪನ ಅಪ್ಪ. ನಲವತ್ತು ವರ್ಷದಲ್ಲಿ ಅವನು ಈ ಕ್ರಮ ತಪ್ಪಿದವನಲ್ಲ.

ಅವನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ದಾರಿ ಹತ್ತುತ್ತಿದ್ದ. ಆರನೆಯ ಇಳಿಕೆಯ ಹತ್ತಿರ ಇದ್ದಾಗ ಗಾರ್ಡು ಬಾಯಿ ಹಾಕಿದ.

"ಇವನನ್ನ ಏನು ಕೇಳ್ತೀರ ಸಾರ್. ಮುದಿಕತ್ತೆ. ಹೋದ ಸಲ ಏರು ಹತ್ತೋವಾಗ ನಾಯಿ ಹಾಗೆ ನಾಲಿಗೆ ಹೊರಗೆ ಹಾಕಿದ್ದ. ಕೆಳಗಿನ ಲೈನಲ್ಲಿ ಒಬ್ಬ ಇದಾನೆ, ಗೂಳಿ ಇದ್ದ ಹಾಗೆ. ಅವನನ್ನ ಮುಂದಾಳು ಮಾಡಿ, ಇವನನ್ನ ಪಾತ್ರೆ ತೊಳೆಯೋಕೆ ಹಾಕಿ."

"ಹೌದೇನೋ? ಆಗಲ್ವಾ ನಿನ್ನ ಕೈಲಿ?"

ಮುಂದಾಳು ಕಣ್ಣು ತೆರೆದ. "ಹನ್ನೊಂದು" ಅಂದ.

ಅದು ಅವನ ಇಪ್ಪತ್ತೈದನೇ ವಯಸ್ಸಿನ ಹೆಗಲಿನ ಲೆಕ್ಕ. ಬಾಯಿಂದ ಬಿದ್ದ ಮೇಲೆ ಅವನಿಗೂ ಗೊತ್ತಾಯಿತು. ಆದರೆ ಗಾರ್ಡು ಟೀ ಲೋಟ ಕೆಳಗಿಟ್ಟು ಅವನನ್ನೇ ನೋಡುತ್ತಿದ್ದ. ಆ ನೋಟದ ಎದುರಿಗೆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಾಗಲಿಲ್ಲ.

ಮ್ಯಾನೇಜರು ಖುಷಿಯಾದ. "ಇಳಿಕೆಗೆ ಅರ್ಧ ಗಂಟೆ ಇಟ್ಕೊಳ್ಳೋಣ. ಏಳಕ್ಕೆ ಹೊರಟರೆ ಹನ್ನೆರಡೂವರೆಗೆ ನದಿ. ಎಂಟು ಹೊರೆ. ಮೂರು ಜನ ಅಡುಗೆಗೆ, ಟೆಂಟಿಗೆ ಅಂತ ಅಲ್ಲೇ ಇರ್ತಾರೆ. ಉಳಿದ ಐದು ಜನ ಒಂದು ಗಂಟೆಗೆ ಬರಿಗೈಲಿ ವಾಪಸ್. ಮೂರು ಗಂಟೆ ಇಳಿದರೆ ನಾಲ್ಕಕ್ಕೆ ಗೇಟು. ಅವತ್ತಿಂದವತ್ತೇ ಮನೆ."

"ಐದಕ್ಕೆ ಗೇಟು ಹಾಕ್ತೀವಿ" ಅಂದ ಗಾರ್ಡು. "ಐದರ ಮೇಲೆ ಒಳಗಿದ್ದವರು ಒಳಗೇ. ಮೃಗ ಓಡಾಡೋ ಹೊತ್ತು. ಒಬ್ಬರೂ ದಾರಿ ಮೇಲೆ ಹೆಜ್ಜೆ ಇಡೋ ಹಾಗಿಲ್ಲ."

"ನಾಲ್ಕಕ್ಕೇ ಬರ್ತಾರಲ್ಲಯ್ಯ." ಮ್ಯಾನೇಜರು ಎದ್ದು ಮಂಡಿ ಕೊಡವಿಕೊಂಡ. "ಇನ್ನೊಂದು ಕೇಳಿಸ್ಕೋ ಮುಂದಾಳು. ಅತಿಥಿಗಳ ಕಣ್ಣಿಗೆ ನೀವು ಬೀಳಬಾರದು. ಹೋದ ಸಲ ಎಲ್ಲರ ಫೋಟೋದಲ್ಲೂ ನಿಮ್ಮ ಗಂಟುಮೂಟೆ. ಕಾಡು ನೋಡೋಕೆ ಬಂದರೆ ಸಂತೆ ನೋಡಿದ ಹಾಗಾಯ್ತು ಅಂತ ಒಬ್ಬಮ್ಮ ಬರೆದಿದ್ರು. ಅವರು ಹತ್ತಿರ ಬಂದ ಸದ್ದಾದ್ರೆ ಹೊರೆಯವರು ದಾರಿ ಬಿಟ್ಟು ಗಿಡದೊಳಗೆ ಹೋಗಬೇಕು. ಅವರು ದಾಟೋವರೆಗೂ ಕೆಮ್ಮೂ ಇಲ್ಲ, ಮಾತೂ ಇಲ್ಲ. ಅವರಿಗೆ ಕಾಡು ಖಾಲಿ ಕಾಣಬೇಕು. ತಿಳೀತಾ?"

"ಹೂಂ ಸಾರ್."

"ಎಂಥದು ಹೂಂ. ಜೋರಾಗಿ ಹೇಳು."

"ಕಾಡು ಖಾಲಿ ಕಾಣಬೇಕು ಸಾರ್."

*

ಹೊರೆಯವರ ಲೈನು ಅಂದರೆ ತಗಡು ಹೊದಿಸಿದ ಇಪ್ಪತ್ತು ರೂಮುಗಳು, ಒಂದಕ್ಕೊಂದು ಬೆನ್ನು ಕೊಟ್ಟು ನಿಂತವು. ರೂಮು ಕಂಪನಿಯದು. ಪ್ರತಿ ರೂಮಿನಿಂದ ಒಂದು ಹೆಗಲು ಬರಬೇಕು, ಬಾರದಿದ್ದರೆ ಬಾಗಿಲಿಗೆ ಬೀಗ. ಮುಂದಾಳುವಿನ ರೂಮು ನಾಲ್ಕನೆಯದು. ಐದನೆಯದು ಅವನ ಅಳಿಯನದು. ಆ ರೂಮಿನ ಹೆಗಲು ಹೋದ ಬೇಸಿಗೆಯಲ್ಲಿ ಮುರಿದಿತ್ತು. ಅತಿಥಿಗಳ ಮಡಚುವ ಮಂಚಗಳನ್ನು ಹೊತ್ತು ಇಳಿಯುವಾಗ ಅಳಿಯ ಜಾರಿದ, ಸೊಂಟದ ಮೇಲೆ ಕಬ್ಬಿಣ ಬಿತ್ತು. ಅವತ್ತಿನಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದವನು, ಬೆಳಗಾಯಿತೋ ಕತ್ತಲಾಯಿತೋ ಅಂತ ತಗಡಿನ ತೂತು ನೋಡಿ ಹೇಳುತ್ತಾನೆ. ಹಾಗಾಗಿ ಈ ಸಲದ ಪಟ್ಟಿಯಲ್ಲಿ ಐದನೇ ರೂಮಿನ ಎದುರಿಗೆ ಮಗಳ ಹೆಸರು ಬಂದಿತ್ತು.

ಮಗಳು ಹೆತ್ತು ಒಂಬತ್ತು ವಾರ. ಕೂಸು ದಿನ ತುಂಬುವ ಮೊದಲೇ ಹುಟ್ಟಿತ್ತು. ಹೆಣ್ಣು. ಅಂಗೈಗೆ ಒಂದು ಬೆರಳು ಹೆಚ್ಚು, ಅಷ್ಟೇ. ಆಸ್ಪತ್ರೆಯ ನರ್ಸಮ್ಮ ತಕ್ಕಡಿಯಲ್ಲಿಟ್ಟಾಗ ಮುಳ್ಳು ಅಲ್ಲಾಡಲೋ ಬೇಡವೋ ಅಂತ ಯೋಚನೆ ಮಾಡಿತ್ತು. ಎದೆಹಾಲು ಬಿಟ್ಟು ಏನು ಕೊಟ್ಟರೂ ಮೂಗಿನಲ್ಲಿ ಬರುತ್ತಿತ್ತು. "ಎರಡು ಗಂಟೆಗೊಂದು ಸಲ ಕುಡಿಸಬೇಕು. ಹಗಲಿಗೂ ಅಷ್ಟೇ, ರಾತ್ರಿಗೂ ಅಷ್ಟೇ. ಒಂದು ರಾತ್ರಿ ತಪ್ಪಿಸಿ ಆಮೇಲೆ ನನ್ನ ಹತ್ತಿರ ಎತ್ಕೊಂಡು ಬರಬೇಡಿ, ನನ್ನ ಕೈಲಿ ಆಗೋದು ಏನೂ ಇರಲ್ಲ" ಅಂದಿದ್ದಳು ನರ್ಸಮ್ಮ. ಒಳ್ಳೆಯ ಹೆಂಗಸು, ಮಾತು ಮಾತ್ರ ಕತ್ತರಿ.

ಪಕ್ಕದ ಆರನೇ ರೂಮಿನವಳಿಗೂ ಕೈಕೂಸು ಇತ್ತು. ಮುಂದಾಳುವಿನ ಹೆಂಡತಿ ಹೋಗಿ ಅವಳ ಹೊಸ್ತಿಲಲ್ಲಿ ಕೂತಳು.

"ನೋಡ್ಕೋತೀನಿ ಅತ್ತೆ" ಅಂದಳು ಅವಳು. "ಆದ್ರೆ ಕತ್ತಲಾಗೋವರೆಗೂ ಅಷ್ಟೇ. ನನ್ನದು ಸಂಜೆಯಿಂದ ಬೆಳಗಿನವರೆಗೂ ಕಚ್ಚಿಕೊಂಡೇ ಇರುತ್ತೆ, ಮುಂಡೇದು. ನನ್ನ ಎದೇಲಿ ಇರೋದು ಒಂದೂವರೆ ಮಗುಗೆ. ಇದ್ದಿದ್ದರೆ ಎರಡಕ್ಕೂ ಕೊಡ್ತಿದ್ದೆ, ಸುಳ್ಳು ಹೇಳಲ್ಲ."

"ಕತ್ತಲಾಗೋ ಮುಂಚೆ ಬರ್ತಾಳಮ್ಮ. ನಾಲ್ಕಕ್ಕೆ ಗೇಟಂತೆ."

ಸಂಜೆ ಮುಂದಾಳು ಐದನೇ ರೂಮಿಗೆ ಬಂದಾಗ ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಅವನು ಬಾಗಿಲ ಕಡೆ ಮುಖ ಮಾಡಿ ಕೂತ. ಕೂಸು ನಾಲ್ಕು ಗುಟುಕಿಗೊಮ್ಮೆ ಸುಸ್ತಾಗಿ ನಿಲ್ಲಿಸುತ್ತಿತ್ತು. ಮಗಳು ಅದರ ಕಿವಿಯ ಹಾಲೆ ತಿಕ್ಕಿ ಎಬ್ಬಿಸುತ್ತಿದ್ದಳು.

"ಎಷ್ಟು ಇಳಿಕೆ ಅಂತ ಹೇಳಿದ್ಯಪ್ಪ?"

"ಹನ್ನೊಂದು."

ಅವಳ ಬೆರಳು ಕೂಸಿನ ಕಿವಿಯ ಹಾಲೆಯ ಮೇಲೇ ನಿಂತಿತು. ಗೋಡೆಯ ಕಡೆಯಿಂದ ಅಳಿಯನ ಉಸಿರೂ ನಿಂತ ಹಾಗಾಯಿತು.

"ಯಾರ ಹೆಗಲಿಗೆ?"

ಮುಂದಾಳು ಹೊಸ್ತಿಲ ಸಂದಿಯ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ.

"ನನ್ನ ಹೆಗಲಿಗೆ ಎಷ್ಟಪ್ಪ? ಹೆತ್ತ ಸೊಂಟ ಇದು. ಹೇಳು."

"ಹದಿನೇಳು" ಅಂದ ಅವನು. "ಮಳೆ ಬಿದ್ದಿದ್ದರೆ ಹದಿನೆಂಟು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂಸನ್ನು ಇನ್ನೊಂದು ಪಕ್ಕಕ್ಕೆ ಹಾಕಿಕೊಂಡು, "ನಾಳೆ ಹೋಗಿ ಹೇಳು, ತಪ್ಪಾಯ್ತು ಅಂತ. ಬಾಯಲ್ಲಿ ಹೇಳೋಕೆ ತೂಕ ಏನಿದೆ" ಅಂದಳು.

*

ಮರುದಿನ ಅವನು ಹೋದಾಗ ನಕ್ಷೆ ಗೋಡೆಗೆ ಏರಿತ್ತು. ಮೇಜಿನ ಮೇಲೆ ಹೊಳೆಯುವ ಪುಸ್ತಕಗಳ ಕಟ್ಟು, ಹೊಸ ಶಾಯಿಯ ವಾಸನೆ.

"ಸಾರ್, ನಿನ್ನೆ ಹೇಳಿದ್ದು ತಪ್ಪಾಯ್ತು. ಹನ್ನೊಂದಲ್ಲ. ಹದಿನೇಳು ಇಳಿಕೆ."

ಮ್ಯಾನೇಜರು ತಲೆ ಎತ್ತಿದ. "ರಾತ್ರಿ ಕಾಡು ಬೆಳೀತೇನೋ?"

"ಹೆಂಗಸರ ಹೆಗಲು ಸಾರ್. ಐದು ಜನ ಹೆಂಗಸರು ಇದಾರೆ."

"ಬಾ ಇಲ್ಲಿ. ಓದು ಇದನ್ನ." ಪುಸ್ತಕ ತೆಗೆದು ಅವನ ಮೂಗಿಗೆ ಹಿಡಿದ. ಮುಂದಾಳುವಿಗೆ ಓದು ಬರುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. "ಬರಲ್ವಾ? ನಾನೇ ಓದ್ತೀನಿ. ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆ, ನದೀ ದಡದಲ್ಲಿ ಬಿಸಿ ಊಟ. ಪ್ರಿಂಟಾಗಿದೆ. ಹನ್ನೆರಡು ಜನರ ಮನೆಗೆ ಹೋಗಿದೆ. ಈಗ ಏನು ಮಾಡಲಿ, ಅವರ ಮನೆ ಮನೆಗೆ ಹೋಗಿ ಒಬ್ಬ ಮುದುಕನಿಗೆ ಎಣಿಸೋಕೆ ಬರಲ್ಲ ಅಂತ ಹೇಳಲಾ?"

"ನನ್ನ ಮಗಳನ್ನಾದ್ರೂ ಬಿಟ್ಟುಬಿಡಿ ಸಾರ್. ಹಸಿಬಾಣಂತಿ. ಕೂಸು ಸಣ್ಣದು. ಕತ್ತಲಾಗೋ ಮುಂಚೆ ಅವಳು ಮನೇಲಿರಬೇಕು, ಇಲ್ಲದಿದ್ರೆ ಅದು ಉಳಿಯಲ್ಲ."

"ಬಿಟ್ಟೆ. ರೂಮೂ ಬಿಡಲಿ."

"ಅವಳ ಹೊರೆ ನಾನು ಹೊರ್ತೀನಿ."

"ನೀನು ಹೊರೆ ಹೊತ್ತರೆ ಮುಂದೆ ಯಾರು ನಡೀತಾರೆ? ಅತಿಥಿಗಳಿಗೆ ಹೆಜ್ಜೆ ಯಾರು ತೋರಿಸ್ತಾರೆ?" ಮೇಜಿನ ಖಾನೆ ಎಳೆದು ಏನೋ ತೆಗೆದು ಅವನ ಕೈಗೆ ಹಾಕಿದ. ಮರದಲ್ಲಿ ಕೆತ್ತಿದ ಚಿರತೆಯ ಪಾದ. ನಾಲ್ಕು ಬೆರಳು, ಒಂದು ಅಂಗಾಲು, ಹಿಂದೆ ಹಿಡಿ. "ದಾರೀಲಿ ಹೆಜ್ಜೆ ಸಿಕ್ಕರೆ ಸರಿ. ಸಿಗದಿದ್ರೆ ನೀನು ಸ್ವಲ್ಪ ಮುಂದೆ ಹೋಗಿ ಕೆಸರಲ್ಲಿ ಒತ್ತು. ಚೆನ್ನಾಗಿ ಒತ್ತು. ದೂರದಿಂದ ಬಂದಿರ್ತಾರೆ, ಬರಿಗೈಲಿ ಕಳಿಸಬಾರದು."

ಮುಂದಾಳು ಮರದ ಪಾದವನ್ನು ತಿರುಗಿಸಿ ನೋಡಿದ. "ಇದು ಎಡಗಾಲು ಸಾರ್. ಒಂದೇ ಕಾಲಲ್ಲಿ ಚಿರತೆ ನಡಿಯಲ್ಲ."

"ಹಾಗಾದ್ರೆ ಕುಂಟ ಚಿರತೆ ಅನ್ನು. ಹೋಗೀಗ."

*

ಮಂಗಳವಾರ ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ತಿರ ಹೊರೆ ತೂಗಿದರು. ಮಗಳು ನಾಲ್ಕು ಗಂಟೆಗೇ ಎದ್ದು ಕೂಸಿಗೆ ಎರಡು ಸಲ ಕುಡಿಸಿದ್ದಳು. ಎದೆಗೆ ಬಟ್ಟೆ ಮಡಿಸಿ ಇಟ್ಟು ಬಿಗಿಯಾಗಿ ಕಟ್ಟಿಕೊಂಡಿದ್ದಳು. ಅವಳ ಪಾಲಿಗೆ ಬಂದದ್ದು ನೀರು ಸೋಸುವ ಡಬ್ಬಿ, ಎರಡು ಟೆಂಟಿನ ಕಂಬಗಳು, ಮತ್ತು ಅತಿಥಿಗಳು ಕಕ್ಕಸಿಗೆ ಕೂರುವ ಮಡಚುವ ಕುರ್ಚಿ.

ಹೊರೆಯವರಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸೊಬ್ಬಳಿದ್ದಳು. ಅವಳನ್ನು ಲೈನಿನಲ್ಲಿ ದೊಡ್ಡಬಾಯಿ ಅಂತಲೇ ಕರೆಯುವುದು, ಅವಳೂ ಹಾಗೇ ಓಗೊಡುವುದು. ಅವಳು ಬಂದು ಮಗಳ ಹೊರೆಯಿಂದ ಆ ಕುರ್ಚಿಯನ್ನು ಕಿತ್ತು ತನ್ನ ಹೊರೆಯ ಮೇಲೆ ಸಿಕ್ಕಿಸಿಕೊಂಡಳು.

"ಕೊಡೇ ಇತ್ತ ಸಿಂಹಾಸನ. ಇವರು ಕಾಡು ನೋಡೋಕೆ ಬರ್ತಾರೋ ಹೇಲೋಕೆ ಬರ್ತಾರೋ ಗೊತ್ತಾಗಲ್ಲ. ಕುಕ್ಕರುಗಾಲಲ್ಲಿ ಕೂತರೆ ಕುಂಡಿ ಸವೆದುಹೋಗುತ್ತೇನೋ."

"ಅಕ್ಕಾ, ನಿನಗೇ ಭಾರ ಆಗುತ್ತೆ."

"ನನಗೆ ಭಾರ ಆಗಿದ್ದು ನನ್ನ ಗಂಡ ಒಬ್ಬನೇ. ಅವನೂ ಸತ್ತ. ನಡಿ ನಡಿ."

ಮೂರನೇ ಇಳಿಕೆಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಹಿಂದಿನಿಂದ ಅತಿಥಿಗಳ ಸದ್ದು ಕೇಳಿಸಿತು. ಅವರು ಬರಿಗೈಯವರು, ಊರುಗೋಲಿನವರು. ಮುಂದಾಳು ಅವರ ಮುಂದೆ ನಡೆಯುತ್ತ ಬಂದವನು ಒಂದು ಸಲ ಶಿಳ್ಳೆ ಹಾಕಿದ. ಹೊರೆಯವರು ದಾರಿ ಬಿಟ್ಟು ಗಿಡದೊಳಗೆ ನುಗ್ಗಿದರು. ಇಳಿಜಾರಿನಲ್ಲಿ ಹೊರೆ ಇಳಿಸಿದರೆ ಉರುಳಿ ಹೋಗುತ್ತದೆ, ಇಳಿಸದೆ ಮರಕ್ಕೆ ಒರಗಿ ನಿಂತರು. ಒದ್ದೆ ಎಲೆಗಳಿಂದ ಜಿಗಣೆಗಳು ಕಾಲಿಗೆ ಹತ್ತಿದವು. ತೆಗೆಯಲು ಬಗ್ಗುವ ಹಾಗಿಲ್ಲ, ಬಗ್ಗಿದರೆ ಎಲೆ ಅಲ್ಲಾಡುತ್ತದೆ. ಅತಿಥಿಗಳು ಬಂದರು. ಒಂದು ಹಕ್ಕಿ ಕೂಗಿತು. ಅತಿಥಿಗಳು ನಿಂತರು, ದುರ್ಬೀನು ತೆಗೆದರು, ಪುಸ್ತಕ ತೆಗೆದರು, ಪುಸ್ತಕದ ಹಕ್ಕಿಯೋ ಮರದ ಹಕ್ಕಿಯೋ ಅಂತ ಮಾತಾಡಿಕೊಂಡರು. ಅರ್ಧ ಗಂಟೆ ಹೋಯಿತು. ಅವರು ದಾಟಿದ ಮೇಲೆ ಹೊರೆಯವರು ಮತ್ತೆ ದಾರಿಗೆ ಬಂದರು. ಹತ್ತು ನಿಮಿಷದಲ್ಲಿ ಮತ್ತೆ ಅತಿಥಿಗಳ ಬೆನ್ನು ಕಂಡಿತು, ಮತ್ತೆ ಗಿಡದೊಳಕ್ಕೆ. ಹೀಗೆ ಎಷ್ಟು ಸಲ ಅಂತ ಯಾರೂ ಎಣಿಸಲಿಲ್ಲ.

ಏಳನೇ ಇಳಿಕೆ ದಾಟಿದ ಮೇಲೆ ಮ್ಯಾನೇಜರು ಮುಂದಾಳುವಿನ ಹತ್ತಿರ ಬಂದು ಮೆಲ್ಲಗೆ, "ಬೇಜಾರಾಗ್ತಿದೆ ಅವರಿಗೆ. ಒತ್ತು" ಅಂದ.

ಮುಂದಾಳು ತಿರುವಿನಾಚೆ ಹೋದ. ಮುಂದೆ ತೊರೆ, ಅದರ ಅಂಚಿನಲ್ಲಿ ಮೆತ್ತನೆ ಕೆಸರು. ಅವನು ಮಂಡಿಯೂರಿ ಮರದ ಪಾದ ಒತ್ತಿದ. ಕಳ್ಳಕೆಲಸವೇ ಆದರೂ ಕೈ ಸುಳ್ಳು ಹೇಳಲು ಕಲಿತಿರಲಿಲ್ಲ. ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಬೀಳುವ ಹಾಗೆ, ನೀರಿನ ಕಡೆ ತೂಕ ಜಾಸ್ತಿ ಇರುವ ಹಾಗೆ, ಎಡಗಾಲನ್ನೇ ಓರೆ ಮಾಡಿ ಬಲಗಾಲಾಗಿಸಿ, ಒಂಬತ್ತು ಹೆಜ್ಜೆ ಒತ್ತಿದ. ನಿಜವಾದ ಚಿರತೆ ನೋಡಿದ್ದರೂ ಯಾರು ಬಂದದ್ದು ಅಂತ ಮೂಸುತ್ತಿತ್ತು.

ಅತಿಥಿಗಳು ನೋಡಿ ಉಸಿರು ಹಿಡಿದರು. ಒಬ್ಬೊಬ್ಬರಾಗಿ ಹೆಜ್ಜೆಯ ಪಕ್ಕ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ಒಬ್ಬಾತ ಬಿಳಿ ಪುಡಿ ಕಲಸಿ ಅಚ್ಚು ತೆಗೆಯಲು ಕೂತ. ಅದು ಒಣಗುವವರೆಗೆ ಯಾರೂ ಕದಲುವ ಹಾಗಿಲ್ಲ. ಮೃಗ ಇಲ್ಲೇ ಎಲ್ಲೋ ಇದೆ ಅಂತ ಎಲ್ಲರೂ ಪಿಸುದನಿಯಲ್ಲಿ ಮಾತಾಡಿದರು. ಗಂಟೆ ಒಂದಾಯಿತು, ಒಂದೂಕಾಲಾಯಿತು. ನೂರು ಅಡಿ ಹಿಂದೆ, ದಾರಿಯ ಕೆಳಗಿನ ಗಿಡಗಳಲ್ಲಿ ಮಗಳು ಹೊರೆ ಹೊತ್ತು ಮರಕ್ಕೆ ಒರಗಿ ನಿಂತಿದ್ದಾಳೆ ಅನ್ನುವುದು ಮುಂದಾಳುವಿಗೆ ಗೊತ್ತಿತ್ತು. ಎಲೆ ಅಲ್ಲಾಡುತ್ತಿರಲಿಲ್ಲ. ಕಾಡು ಖಾಲಿ ಕಾಣುತ್ತಿತ್ತು. ಅವನು ತೊರೆಯಲ್ಲಿ ಕೈ ತೊಳೆದ. ಉಗುರಿನೊಳಗಿನ ಕೆಸರು ಹೋಗಲಿಲ್ಲ.

*

ನದಿ ತಿರುವಿಗೆ ಹೊರೆಯವರು ಮುಟ್ಟಿದಾಗ ನಾಲ್ಕೂವರೆ. ಬಿಸಿ ಊಟ ಮಾಡಬೇಕಾದವರು ಬಿಸ್ಕತ್ತು ತಿನ್ನುತ್ತ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಮ್ಯಾನೇಜರು ಹೊರೆಯವರಿಗೆ ಉಸಿರು ಬಿಡಲೂ ಬಿಡದೆ ಟೆಂಟು ಕಟ್ಟಿಸತೊಡಗಿದ. ಮಗಳು ಹೊರೆ ಇಳಿಸಿದವಳು ನೆಟ್ಟಗೆ, ಅತಿಥಿಗಳ ಜೊತೆ ಕಾವಲಿಗೆ ಬಂದಿದ್ದ ಗಾರ್ಡಿನ ಹತ್ತಿರ ಬಂದಳು.

"ಸಾರ್, ನಾನು ಹೊರಟೆ. ಬರಿಗೈಲಿ ಓಡ್ತೀನಿ."

"ಎಲ್ಲಿಗೆ?"

"ಮನೆಗೆ. ಕೂಸಿದೆ."

"ಗಂಟೆ ನೋಡಿದ್ಯಾ? ನೀನು ಎಷ್ಟು ಓಡಿದ್ರೂ ಐದಕ್ಕೆ ಗೇಟು ಸಿಗಲ್ಲ. ಒಬ್ಬರೂ ಹೋಗೋ ಹಾಗಿಲ್ಲ. ಎಲ್ಲರೂ ನಾಳೆ ಬೆಳಿಗ್ಗೆ. ಮೃಗ ಎಳ್ಕೊಂಡು ಹೋದರೆ ವರದಿ ಬರೆಯೋನು ನಾನು."

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ. ಈಗ ಹೊರಟರೆ ಗೇಟು ಹಾರಿಯಾದ್ರೂ ಏಳೂವರೆಗೆ ತಲುಪ್ತೀನಿ. ಆಮೇಲೆ ಯಾರೂ ಇಲ್ಲ ಅದಕ್ಕೆ ಕೊಡೋಕೆ."

"ಹೆತ್ತಾಗ ನನ್ನ ಕೇಳಿ ಹೆತ್ತಿದ್ಯಾ?"

ಅವಳ ಎದೆಯ ಬಟ್ಟೆ ತೊಯ್ದು ಕುಪ್ಪಸದ ಮೇಲೆ ಎರಡು ದೊಡ್ಡ ಕಲೆಗಳಾಗಿದ್ದವು. ಹಾಲು ಸೊಂಟದವರೆಗೆ ಇಳಿದಿತ್ತು. ಮ್ಯಾನೇಜರು ಆ ಕಡೆ ಬಂದವನು ನೋಡಿ ಮುಖ ತಿರುಗಿಸಿದ.

"ಮುಂದಾಳು, ಇವಳನ್ನ ಆಚೆ ಕರ್ಕೊಂಡು ಹೋಗು. ಬಟ್ಟೆ ಬದಲಾಯಿಸಲಿ. ಅತಿಥಿಗಳು ತಿನ್ನೋ ಜಾಗ ಇದು."

ಕುರ್ಚಿಯಲ್ಲಿ ಕೂತಿದ್ದ ಅತಿಥಿ ಹೆಂಗಸೊಬ್ಬಳು ಎದ್ದು ಬಂದಳು. ಬೂದುಗೂದಲು, ಕೊರಳಲ್ಲಿ ದೊಡ್ಡ ಕ್ಯಾಮೆರಾ. "ಈಕೆ ಯಾಕೆ ಅಳ್ತಿದಾಳೆ?" ಅಂತ ಕೇಳಿದಳು. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಳು.

"ಏನಿಲ್ಲ ಮೇಡಂ. ಕಾಡಿನ ಜನ. ಇಷ್ಟು ಜನರನ್ನ ಒಟ್ಟಿಗೆ ನೋಡಿ ಗಾಬರಿ ಆಗಿದಾಳೆ" ಅಂದ ಮ್ಯಾನೇಜರು ನಗುತ್ತ.

ಹೆಂಗಸು ಜೇಬಿನಿಂದ ಒಂದು ಚಾಕಲೇಟು ತೆಗೆದು ಮಗಳ ಕೈಯಲ್ಲಿಟ್ಟಳು. ಮಗಳು ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮುಂದಾಳು ಮ್ಯಾನೇಜರಿಗೆ ಕೈ ಮುಗಿದ. "ಸಾರ್, ನಾನೇ ಜೊತೆಗೆ ಹೋಗಿ ಬಿಟ್ಟು ಬರ್ತೀನಿ. ಈ ದಾರಿ ನನಗೆ ಕಣ್ಣು ಕಟ್ಟಿದ್ರೂ ಗೊತ್ತು. ಬೆಳಗಾಗೋ ಹೊತ್ತಿಗೆ ಇಲ್ಲಿರ್ತೀನಿ."

"ಐದೂವರೆಗೆ ಉಪ್ಪುಮಣ್ಣಿನ ಹೊಂಡಕ್ಕೆ ಇವರನ್ನ ಯಾರು ಕರ್ಕೊಂಡು ಹೋಗ್ತಾರೆ, ನಿನ್ನ ತಾತನಾ? ಊಟ ಹೋಯ್ತು, ಇನ್ನು ಮೃಗಾನೂ ತೋರಿಸದಿದ್ರೆ ನನ್ನ ಚರ್ಮ ಸುಲೀತಾರೆ. ನೀನು ಒಂದು ಹೆಜ್ಜೆ ಕದಲಿದ್ರೆ ಉಳಿದ ಏಳೂ ಜನರ ಪಾಸು ಇಲ್ಲೇ ಹರೀತೀನಿ. ಏಳು ರೂಮು. ಲೆಕ್ಕ ಬರುತ್ತಲ್ಲ ನಿನಗೆ?"

ಪಾಸು ಇಲ್ಲದವರನ್ನು ಕಾಡಿನೊಳಗೂ ಬಿಡುವುದಿಲ್ಲ, ಲೈನಿನೊಳಗೂ ಇರಗೊಡುವುದಿಲ್ಲ. ಟೆಂಟಿನ ಹಗ್ಗ ಕಟ್ಟುತ್ತಿದ್ದ ಏಳೂ ಜನ ಕೈ ನಿಲ್ಲಿಸಿ ಮುಂದಾಳುವನ್ನೇ ನೋಡುತ್ತಿದ್ದರು. ಹೋಗು ಅಂತಲೂ ಇಲ್ಲ, ಇರು ಅಂತಲೂ ಇಲ್ಲ ಆ ಕಣ್ಣುಗಳಲ್ಲಿ. ಹೆದರಿಕೆ ಮಾತ್ರ ಇತ್ತು. ಅವರಲ್ಲಿ ನಾಲ್ವರಿಗೆ ಮಕ್ಕಳು, ಒಬ್ಬಳಿಗೆ ಕುರುಡಿ ತಾಯಿ. ಮುಂದಾಳು ಮುಗಿದ ಕೈ ಕೆಳಗಿಳಿಸಿದ.

ಮಗಳು ಇದನ್ನೆಲ್ಲ ಪೂರ್ತಿ ಕೇಳಲಿಲ್ಲ. ಚಾಕಲೇಟನ್ನು ಮಡಚುವ ಮೇಜಿನ ಮೇಲೆ, ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಕೊರಳಲ್ಲಿದ್ದ ಪಾಸನ್ನು ದಾರದ ಸಮೇತ ತೆಗೆದು ಅದರ ಮೇಲಿಟ್ಟಳು. ಮತ್ತೆ ದಾರಿಯ ಕಡೆ ತಿರುಗಿದಳು.

ಗಾರ್ಡು ಕೋಲು ಅಡ್ಡ ಹಿಡಿದು ದಾರಿ ಕಟ್ಟಿದ. "ಹೋಗೋ ಹಾಗಿಲ್ಲ ಅಂದ್ನಲ್ಲ."

"ಹೊಡಿ" ಅಂದಳು ಅವಳು. "ಹೊಡೆದು ಬೀಳಿಸಿದ್ರೆ ತೆವಳ್ಕೊಂಡು ಹೋಗ್ತೀನಿ."

ಅವನು ಕೋಲು ಎತ್ತಿದ. ಎತ್ತಿದ್ದು ಇಳಿಯಲಿಲ್ಲ. ಹಿಂದಿನಿಂದ ಬೂದುಗೂದಲಿನ ಹೆಂಗಸು ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದಳು. ಮ್ಯಾನೇಜರು ಹಲ್ಲು ಕಚ್ಚಿ, "ಬಿಡಯ್ಯ, ಹೋಗಲಿ. ಫೋಟೋ ತೆಗೀತಿದಾರೆ" ಅಂದ. ಆಮೇಲೆ ಅವಳಿಗೆ ಕೇಳಿಸುವ ಹಾಗೆ, "ನಾಳಿದ್ದು ಐದನೇ ರೂಮಿಗೆ ಬೀಗ. ಮಲಗಿರೋನನ್ನ ಮಂಚದ ಸಮೇತ ಹೊರಗೆ ಇಡಿಸ್ತೀನಿ" ಅಂದ.

ಅವಳು ನಡೆದಾಗಿತ್ತು.

ಅಷ್ಟರಲ್ಲಿ ಕಕ್ಕಸಿನ ಟೆಂಟಿನ ಹತ್ತಿರ ಧಡ್ ಅಂತ ಸದ್ದಾಯಿತು. ದೊಡ್ಡಬಾಯಿ ಆ ಮಡಚುವ ಕುರ್ಚಿಯನ್ನು ನದಿಗೆ ಎಸೆಯುವಾಗ ಬಂಡೆಗೆ ತಗುಲಿದ ಸದ್ದು. ಕುರ್ಚಿ ಎರಡು ಸುತ್ತು ತಿರುಗಿ ನೀರಿನ ಜೊತೆ ಹೋಯಿತು.

"ಅಯ್ಯೋ ಬೋಳಿ, ಏನು ಮಾಡಿದ್ಯೇ!" ಅಂತ ಮ್ಯಾನೇಜರು ಓಡಿಬಂದ.

"ಹತ್ತಿಸಿದವಳೂ ನಾನೇ, ಇಳಿಸಿದವಳೂ ನಾನೇ. ನಿನ್ನ ಹನ್ನೆರಡು ದೊರೆಗಳಿಗೆ ಹೇಳು, ಬಗ್ಗಿ ಕೂರೋದು ಹೇಗೆ ಅಂತ ಬೇಕಾದ್ರೆ ನೀನೇ ಕೂತು ತೋರಿಸು, ಸೂಳೆಮಗನೆ." ಅವಳು ಅಡುಗೆಯ ಗಂಟಿನಿಂದ ಒಂದು ಬ್ಯಾಟರಿ ಎತ್ತಿಕೊಂಡಳು. ಹೋಗುತ್ತ ಮುಂದಾಳುವಿನ ಎದುರಿಗೆ ಒಂದು ಕ್ಷಣ ನಿಂತಳು. ಅವನಿಗೂ ಏನಾದರೂ ಅನ್ನುತ್ತಾಳೆ ಅಂತ ಎಲ್ಲರೂ ಕಾದರು. ಅವನ ಮುಖ ನೋಡಿ ದಾರಿಯ ಕಡೆ ತಿರುಗಿದಳು. "ಏ ಹುಡುಗಿ, ನಿಲ್ಲೇ, ನನ್ನ ಕಾಲು ನಿನ್ನಷ್ಟು ಓಡಲ್ಲ" ಅಂತ ಕೂಗುತ್ತ ಮರಗಳೊಳಗೆ ಹೋದಳು.

ಅವರ ಹೆಜ್ಜೆಯ ಸದ್ದು ಬೇಗ ನಿಂತುಹೋಯಿತು. ಆ ಕಾಡಿನಲ್ಲಿ ಯಾವ ಸದ್ದೂ ಬಹಳ ಹೊತ್ತು ಉಳಿಯುವುದಿಲ್ಲ.

ಐದೂವರೆಗೆ ಮುಂದಾಳು ಅತಿಥಿಗಳನ್ನು ಹೊಂಡದ ಹತ್ತಿರ ಕರೆದುಕೊಂಡು ಹೋಗಿ ಮರೆಯೊಳಗೆ ಕೂರಿಸಿದ. ಮಾತಾಡಬಾರದು ಅಂತ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಬೆಳಕು ಕುಂದುವ ಹೊತ್ತಿಗೆ ಒಂದು ಹೆಣ್ಣುಜಿಂಕೆ ಮರಿಯ ಜೊತೆ ಬಂತು. ಮರಿ ತಾಯಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿತು. ಹನ್ನೆರಡು ಜನ ಒಂದು ಉಸಿರೂ ಬಿಡದೆ ನೋಡಿದರು. ಮುಂದಾಳು ಮಾತ್ರ ಅತ್ತ ನೋಡದೆ ಬಂದ ದಾರಿಯ ಕಡೆಗೆ ಕಿವಿ ಕೊಟ್ಟು ಕೂತಿದ್ದ. ಎಲ್ಲೋ ಕೆಳಗೆ, ಬಹಳ ಕೆಳಗೆ, ಒಂದು ಮಂಗ ಎಚ್ಚರಿಕೆಯ ಕೂಗು ಹಾಕಿತು. ಅದು ಚಿರತೆ ಕಂಡರೂ ಹಾಗೇ ಕೂಗುತ್ತದೆ, ಮನುಷ್ಯರು ಕಂಡರೂ ಹಾಗೇ ಕೂಗುತ್ತದೆ. ಒಂದೇ ಸಲ ಕೂಗಿ ಸುಮ್ಮನಾಯಿತು.

ಬುಧವಾರ ಬೆಳಿಗ್ಗೆ, ಮಂಗಳವಾರವೇ ಹಿಂದಿರುಗಬೇಕಿದ್ದ ಹೊರೆಯವರು ಇಳಿದು ಹೋದರು. ಮುಂದಾಳು ಅವರಿಗೆ, ಹೇಗಾದರೂ ಒಂದು ಸುದ್ದಿ ಕಳಿಸಿ ಅಂದ. ಅವರು ಆಗಲಿ ಅಂತ ತಲೆಯಾಡಿಸಿದರು, ಆದರೆ ಸುದ್ದಿ ಹೊತ್ತು ಮತ್ತೆ ಮೇಲಕ್ಕೆ ಬರಲು ಯಾರಿಗೂ ಪಾಸಿರಲಿಲ್ಲ. ಗುರುವಾರ ಜಲಪಾತದ ದಿನ. ಅತಿಥಿಗಳು ನೀರಿನ ಕೆಳಗೆ ನಿಂತರು, ಅವನು ಅವರ ಒಣಬಟ್ಟೆ ಹಿಡಿದು ದಡದಲ್ಲಿ ನಿಂತ.

ಮಗಳೂ ದೊಡ್ಡಬಾಯಿಯೂ ಹೊರಟದ್ದು ಮಂಗಳವಾರ ಸಂಜೆ. ಮುಂದಾಳು ಹೊರಟದ್ದು ಶುಕ್ರವಾರ, ಎಂಟು ಗಂಟೆಗೆ, ತಿಂಡಿಯಾದ ಮೇಲೆ, ಹನ್ನೆರಡು ಜನರ ಮುಂದೆ. ಅವರು ಹಕ್ಕಿಗೆ ನಿಂತಲ್ಲಿ ನಿಂತ, ಹೂವಿಗೆ ನಿಂತಲ್ಲಿ ನಿಂತ.